ಹತ್ತು ಮಣದ ಹೆಡಮುರಿ

ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಮೂಟೆ ಹೊತ್ತ ಎರ್ರಿಸ್ವಾಮಿಯನ್ನು ಊರ ಜನ ಗುರುತು ಹಿಡಿಯುತ್ತಿದ್ದದ್ದು ಹಿಂದಿನಿಂದ. ಮುಖ ಸಾದಾ ಮುಖ, ನೂರು ಜನರ ನಡುವೆ ಕಳೆದುಹೋಗುವಂಥದ್ದು. ಬೆನ್ನು ಮಾತ್ರ ಹಾಗಿರಲಿಲ್ಲ. ಕಿವಿಯ ಕೆಳಗಿನಿಂದ ಶುರುವಾಗಿ ಎರಡೂ ಹೆಗಲಿಗೆ ಇಳಿಜಾರಾಗಿ ಹರಡಿಕೊಂಡ ಆ ಮಾಂಸಕ್ಕೆ ಅಂಗಿ ಹೊಲಿಯುವುದೆಂದರೆ ಬಜಾರಿನ ದರ್ಜಿಗೆ ತಲೆನೋವು. "ನಿನಗ ಅಂಗಿ ಹೊಲಿಯೋದಕಿಂತ ಎತ್ತಿಗೆ ಜೂಲು ಹೊಲಿಯೋದು ಸಲೀಸು" ಎಂದು ಅವನು ಪ್ರತಿ ಸಲವೂ ಗೊಣಗುತ್ತಿದ್ದ. ಎರ್ರಿಸ್ವಾಮಿ ನಗುತ್ತಿದ್ದ. ಆ ನಗು ನಿಂತದ್ದು ೧೯೬೪ರಲ್ಲಿ, ಬಳ್ಳಾರಿಯಲ್ಲಿ, ಒಂದು ಭಾನುವಾರ ಬೆಳಗ್ಗೆ. ಅದಕ್ಕೆ ಕಾರಣವೇನು ಅನ್ನುವುದು ಅವನಿಗೇ ತಿಳಿಯಲು ಇನ್ನೂ ಹನ್ನೊಂದು ವರ್ಷ ಬೇಕಾಯಿತು. ಅಷ್ಟು ವರ್ಷವೂ ಅವನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ ಒಬ್ಬನಿಗೆ ಮಾತ್ರ ಅದು ಮೊದಲ ದಿನವೇ ಗೊತ್ತಿತ್ತು.

ಎರ್ರಿಸ್ವಾಮಿ ಹುಟ್ಟಿದ್ದು ಕರೂರಿನಲ್ಲಿ. ಅಪ್ಪನ ಮುಖ ಅವನಿಗೆ ನೆನಪಿಲ್ಲ. ತುಂಗಭದ್ರಾ ಕಾಲುವೆಯ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಹೊಸದರಲ್ಲಿ ಸಿರುಗುಪ್ಪದ ಸುತ್ತ ಗಿರಣಿಗಳು ಎದ್ದವು, ಗಿರಣಿಗಳಿಗೆ ಹಮಾಲರ ಬೆನ್ನು ಬೇಕಾಯಿತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನು ಬಸ್ಸು ಹತ್ತಿ ಬಂದು ಒಂದು ಗಿರಣಿಯ ಹಮಾಲರ ಗುಂಪಿಗೆ ಸೇರಿದ. ಅದೇ ವರ್ಷ ಅದೇ ಗಿರಣಿಗೆ ಕೊಟ್ಟೂರಪ್ಪ ತಕ್ಕಡಿ ಗುಮಾಸ್ತನಾಗಿ ಬಂದ. ಅವನೂ ಕರೂರಿನವನೇ. ಇಬ್ಬರೂ ಮೂರನೇ ಕ್ಲಾಸಿನವರೆಗೆ ಒಂದೇ ಚಾಪೆಯ ಮೇಲೆ ಕೂತವರು. ಎರ್ರಿಸ್ವಾಮಿ ಅಲ್ಲಿಗೆ ಬಿಟ್ಟ, ಕೊಟ್ಟೂರಪ್ಪ ಎಂಟರವರೆಗೆ ಓದಿದ. ಹಾಗಾಗಿ ಒಬ್ಬನ ಕೈಗೆ ಮೂಟೆಯ ಕೊಕ್ಕೆ ಬಂತು, ಇನ್ನೊಬ್ಬನ ಕೈಗೆ ತಕ್ಕಡಿ. ಸ್ನೇಹಕ್ಕೆ ಅದರಿಂದ ಏನೂ ಆಗಲಿಲ್ಲ. ಎರ್ರಿಸ್ವಾಮಿಯ ಹೆಂಡತಿ ಗಾದೆಮ್ಮ ಕೊಟ್ಟೂರಪ್ಪನನ್ನು ಅಣ್ಣ ಎಂದೇ ಕರೆಯುತ್ತಿದ್ದಳು, ರೊಟ್ಟಿ ಬಡಿದ ದಿನವೆಲ್ಲ ಅವನ ಪಾಲು ತೆಗೆದಿಡುತ್ತಿದ್ದಳು.

ಗಿರಣಿಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ತೂಕದ ಗುಂಡುಗಳನ್ನು ಹಮಾಲರು ಮುಟ್ಟುವಂತಿರಲಿಲ್ಲ. ತಕ್ಕಡಿಯೆಂದರೆ ಲಕ್ಷ್ಮಿ, ಸ್ನಾನ ಮಾಡಿ ಬಂದ ಗುಮಾಸ್ತನೊಬ್ಬನೇ ಗುಂಡುಗಳನ್ನು ಎತ್ತಿ ಇಡಬೇಕು. ದೀಪಾವಳಿ ಅಮಾವಾಸ್ಯೆಗೆ ಅವಕ್ಕೆ ಅರಿಶಿನ, ಕುಂಕುಮ, ಚೆಂಡು ಹೂವು. ಹಮಾಲರು ದೂರದಲ್ಲಿ ನಿಂತು ಕೈ ಮುಗಿಯುತ್ತಿದ್ದರು. ದಿನಕ್ಕೆ ನೂರು ಮೂಟೆ ಹೊರುವವನೊಬ್ಬ ಒಂದು ಮಣದ ಗುಂಡನ್ನು ಜೀವಮಾನದಲ್ಲಿ ಕೈಯಿಂದ ಎತ್ತಿ ನೋಡಿರುತ್ತಿರಲಿಲ್ಲ. ಗಿರಣಿಯ ಒಡೆಯರಾದ ಸಾವುಕಾರರಿಗೆ ಲಕ್ಷ್ಮಿಯ ಮೇಲೆ ಎಂಥ ಭಕ್ತಿಯಿತ್ತು ಅನ್ನುವುದು ಮುಂದೆ ತಾನೇ ಗೊತ್ತಾಗುತ್ತದೆ.

೧೯೬೧ರ ಸುಗ್ಗಿಯಲ್ಲಿ ಎರ್ರಿಸ್ವಾಮಿಯ ಬೆನ್ನು ಸೋತಿತು. ಆರು ವರ್ಷ ಬರೀ ಬಲ ಹೆಗಲ ಮೇಲೆ ಮೂಟೆ ಬಿದ್ದು ಎಡ ಹೆಗಲು ಜೋತುಬಿದ್ದಿತ್ತು, ಕುತ್ತಿಗೆ ಮುಂದಕ್ಕೆ ಚಾಚಿಕೊಂಡಿತ್ತು. ರೆಕ್ಕೆಯ ಮೂಳೆಗಳ ನಡುವೆ ಗೂಟ ಹೊಡೆದಂಥ ನೋವು. ಬೆರಳುಗಳು ಜೋಮು ಹಿಡಿದು ರೊಟ್ಟಿ ಮುರಿಯುವುದಕ್ಕೂ ಆಗದ ದಿನ ಗಾದೆಮ್ಮ ಗಾಬರಿಯಾದಳು. ಆಗ ದಾರಿ ತೋರಿಸಿದವನು ಕೊಟ್ಟೂರಪ್ಪ.

"ಕುರುಗೋಡಿನಾಗ ಮಾರೆಣ್ಣ ಉಸ್ತಾದ್ ಅಂತ ಅದಾರ. ಗರಡಿ ಮನಿ ನಡಸ್ತಾರ, ಉಳುಕು ತೆಗೀತಾರ. ಒಂದ್ಸಲ ತೋರಿಸ್ಕೊಂಡು ಬಾ" ಅಂದ.

ಮಾರೆಣ್ಣನಿಗೆ ಆಗ ಅರವತ್ತರ ಹತ್ತಿರ. ಬಸವಣ್ಣನ ಗುಡಿಯಿಂದ ನಾಲ್ಕು ಹೆಜ್ಜೆಗೆ ಮನೆ, ಮನೆಯ ಹಿಂದೆ ಗರಡಿ. ತಲೆಯ ಮೇಲೆ ಯಾವಾಗಲೂ ಕೆಂಪು ರುಮಾಲು. ಮಾತು ಕಡಿಮೆ, ಆಡಿದರೆ ಖಡಕ್ಕು. ಎರ್ರಿಸ್ವಾಮಿಯ ಅಂಗಿ ಬಿಚ್ಚಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆನ್ನ ಮೇಲೆ ಹೆಬ್ಬೆರಳು ಓಡಿಸಿದ.

"ಮೂಟಿ ಹೊತ್ತು ಹೊತ್ತು ಮೈಯೆಲ್ಲಾ ಮುಂದಕ್ಕ ಬಗ್ಗೇತಿ. ಮ್ಯಾಲಿನ ಬೆನ್ನು ಸತ್ತು ಮಲಗೇತಿ. ಅದನ್ನ ಎಬ್ಬಿಸಬೇಕು."

"ಎಣ್ಣಿ ಹಚ್ಚಿ ತಿಕ್ಕಿದ್ರ ಹೋಗೂದಿಲ್ಲೇನ್ರಿ ಉಸ್ತಾದ್ರ?"

"ಎಣ್ಣಿ ಹಚ್ಚಿದ್ರ ಚರ್ಮ ಮಿಂಚತೈತಿ. ಹೆಗಲು ಏಳೂದಿಲ್ಲ."

ಮಾರೆಣ್ಣ ಕಲಿಸಿದ್ದು ನೋಡಲಿಕ್ಕೆ ಬಹಳ ಸಣ್ಣ ಕೆಲಸ. ಒಂದು ಕಬ್ಬಿಣದ ಸಲಾಕೆ, ಎರಡೂ ತುದಿಗೆ ಭಾರ. ಅದನ್ನು ಎಲ್ಲರ ಹಾಗೆ ತೊಡೆಯ ಮುಂದೆ ಹಿಡಿಯುವಂತಿಲ್ಲ, ಬೆನ್ನ ಹಿಂದೆ ಹಿಡಿಯಬೇಕು. ಅಂಗೈಗಳು ಹಿಂದಕ್ಕೆ ನೋಡಬೇಕು. ಕೈಗಳು ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ ನೆಟ್ಟಗೆ. ಮೊಣಕೈ ಮಡಚಿದರೆ ಲೆಕ್ಕಕ್ಕಿಲ್ಲ. ಗದ್ದ ಒಳಕ್ಕೆ, ಎದೆ ಮುಂದಕ್ಕೆ. ಆಮೇಲೆ ಹೆಗಲನ್ನಷ್ಟೇ ಕಿವಿಯ ಕಡೆಗೆ ಎತ್ತಬೇಕು, ಎತ್ತಿ ಹಿಂದಕ್ಕೆ ಎಳೆದು ರೆಕ್ಕೆಯ ಮೂಳೆಗಳು ಒಂದನ್ನೊಂದು ಮುಟ್ಟುವ ಹಾಗೆ ಬಿಗಿದು, ಒಂದು ಉಸಿರಿನಷ್ಟು ಹೊತ್ತು ನಿಂತು, ನಿಧಾನಕ್ಕೆ ಇಳಿಸಬೇಕು. ಎಲ್ಲ ಸೇರಿ ನಾಲ್ಕು ಬೆರಳಿನ ಎತ್ತರ. ಸಿಕ್ಕಿಬಿದ್ದ ಕಳ್ಳನನ್ನು ಕೈ ಹಿಂದಕ್ಕೆ ಕಟ್ಟಿ ನಿಲ್ಲಿಸಿದ ಹಾಗೆ ಕಾಣುತ್ತಿದ್ದರಿಂದ ಕುರುಗೋಡಿನ ಗರಡಿಯಲ್ಲಿ ಅದಕ್ಕೆ ಹೆಡಮುರಿ ಎಂದು ಹೆಸರು.

"ಹೆಗಲು ತಿರುವಬ್ಯಾಡ, ಗಾಣ ಅಲ್ಲದು" ಎಂದು ಮಾರೆಣ್ಣ ಹಿಂದೆ ನಿಂತು ಹೇಳುತ್ತಿದ್ದ. "ನೆಟ್ಟಗ ಮ್ಯಾಲಕ್ಕ, ನೆಟ್ಟಗ ಕೆಳಕ್ಕ. ಇಳಿಸೋದರಾಗ ಐತಿ ನೋಡು ಕಸುವು, ಎತ್ತೋದರಾಗ ಇಲ್ಲ."

ಮೊದಲ ದಿನ ಬರಿ ಸಲಾಕೆ. ಇದೇನು ಮಕ್ಕಳಾಟ ಎಂದುಕೊಂಡ ಎರ್ರಿಸ್ವಾಮಿಗೆ ಮಾರನೆಯ ಬೆಳಗ್ಗೆ ತಲೆಗೆ ಟವೆಲು ಸುತ್ತಲಿಕ್ಕೂ ಕೈ ಏಳಲಿಲ್ಲ. ಮೂರು ತಿಂಗಳಲ್ಲಿ ಜೋಮು ಹೋಯಿತು. ಆರು ತಿಂಗಳಲ್ಲಿ ಜೋತುಬಿದ್ದ ಹೆಗಲು ಎದ್ದು ಕೂತಿತು. ಒಂದು ದಿನ ಮಾರೆಣ್ಣ ಅವನ ಬೆನ್ನ ಮೇಲೆ ಅಂಗೈಯಿಟ್ಟು "ಭಲೇ" ಅಂದ. ಹಾಗೆ ಬೆನ್ನ ಮೇಲೆ ಕೈಯಿಟ್ಟು ಯಾರೂ ಅವನಿಗೆ ಭಲೇ ಎಂದಿರಲಿಲ್ಲ, ಮೂಟೆ ಹೇರಿದ್ದರು ಅಷ್ಟೆ. ಅವತ್ತಿನಿಂದ ಎರ್ರಿಸ್ವಾಮಿಗೆ ಪ್ರಪಂಚದಲ್ಲಿ ಬೇಕಾದದ್ದು ಒಂದೇ ಆಯಿತು, ಈ ಮನುಷ್ಯ ತನ್ನ ಮೇಲಿಟ್ಟ ಭರವಸೆ ಸುಳ್ಳಾಗಬಾರದು.

ಗಿರಣಿಯ ಹಿತ್ತಲಿನಲ್ಲಿ ಹಮಾಲರು ಒಂದು ಗುಡಿಸಲು ಹಾಕಿಕೊಂಡು ಅದನ್ನೇ ಗರಡಿ ಮಾಡಿಕೊಂಡರು. ಯಂತ್ರದಿಂದ ಕಳಚಿ ಬಿದ್ದಿದ್ದ ಹಳೆಯ ಶಾಫ್ಟು ಸಲಾಕೆಯಾಯಿತು. ಭಾರಕ್ಕೆ ಮೊದಮೊದಲು ಮರಳಿನ ಚೀಲ ಕಟ್ಟುತ್ತಿದ್ದರು. ಅಷ್ಟರಲ್ಲಿ ಸರ್ಕಾರ ಮಣ, ವೀಸೆ, ಸೇರುಗಳಿಗೆ ಎಳ್ಳುನೀರು ಬಿಟ್ಟು ಕಿಲೋ ತಂದಿತು. ಹಳೆಯ ಗುಂಡು ಇಟ್ಟುಕೊಂಡವರ ಮೇಲೆ ಕೇಸು ಹಾಕುತ್ತಾರೆ ಎಂದು ಸುದ್ದಿ ಹಬ್ಬಿದ ವಾರದಲ್ಲೇ ಸಾವುಕಾರರಿಗೆ ಹಮಾಲರ ಆರೋಗ್ಯದ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು. ಒಂದೊಂದು ಮಣದ ಹತ್ತು ಗುಂಡುಗಳನ್ನು ಗರಡಿಗೆ ದಾನ ಮಾಡಿಬಿಟ್ಟರು. ತೆಂಗಿನಕಾಯಿ ಒಡೆದರು, ಕರ್ಪೂರ ಬೆಳಗಿದರು. ಕೊಟ್ಟೂರಪ್ಪನೇ ಒಂದೊಂದನ್ನಾಗಿ ಹೊತ್ತು ತಂದು ಸಾಲಾಗಿ ಇಟ್ಟ.

ಗುಂಡುಗಳ ತಲೆಗೆ ಉಂಗುರದ ಹಿಡಿಕೆ, ಅಡಿಗೆ ಸೀಸದ ಬಿಲ್ಲೆ, ಬಿಲ್ಲೆಯ ಮೇಲೆ ಸರ್ಕಾರದ ಮೊಹರು. ಶಾಫ್ಟನ್ನು ಉಂಗುರಗಳಲ್ಲಿ ತೂರಿಸಿದರೆ ಆಯಿತು, ಈ ಕಡೆ ಐದು, ಆ ಕಡೆ ಐದು. ಲಕ್ಷ್ಮಿಯನ್ನು ಮೊದಲ ಸಲ ಮುಟ್ಟುವ ಮುಂಚೆ ಹಮಾಲರು ಕೈ ತೊಳೆದು ಬಂದರು. ಎರ್ರಿಸ್ವಾಮಿ ಹತ್ತೂ ಗುಂಡುಗಳಿಗೆ ಹಣೆ ಹಚ್ಚಿದ. ಮುಂದೆ ಎರಡು ವರ್ಷ, ಪ್ರತಿ ಬೆಳಗ್ಗೆ, ಅವಕ್ಕೆ ನಮಸ್ಕಾರ ಮಾಡದೆ ಅವನು ಸಲಾಕೆಗೆ ಕೈ ಹಾಕಲಿಲ್ಲ.

ಎಣಿಸುವ ಕೆಲಸ ಕೊಟ್ಟೂರಪ್ಪನದು. ಕಾಳು ಅಳೆಯುವವರ ಬಾಯಲ್ಲಿ 'ಒಂದು' ಎಂಬ ಮಾತು ಬರುವುದಿಲ್ಲ, ಮೊದಲನೆಯದಕ್ಕೆ 'ಲಾಭ' ಎನ್ನುತ್ತಾರೆ. ಅದೇ ರೂಢಿಯಲ್ಲಿ ಅವನು ಗುಡಿಸಲಿನ ಕಂಬಕ್ಕೆ ಒರಗಿ "ಲಾಭ, ಎರಡು, ಮೂರು" ಎಂದು ರಾಗವಾಗಿ ಎಣಿಸುತ್ತಿದ್ದ. ಎರ್ರಿಸ್ವಾಮಿಯ ಹೆಗಲು ಆ ರಾಗಕ್ಕೆ ಹೊಂದಿಕೊಂಡುಬಿಟ್ಟಿತ್ತು. ಕೈ ಬೆವರಿ ಸಲಾಕೆ ಜಾರುವ ಹೊತ್ತಿಗೆ "ಇನ್ನೊಂದು ಲೇ, ಇನ್ನೊಂದು" ಎನ್ನುವವನೂ ಕೊಟ್ಟೂರಪ್ಪನೇ.

ತಿಂಗಳಿಗೊಮ್ಮೆ ಎರ್ರಿಸ್ವಾಮಿ ಕುರುಗೋಡಿಗೆ ಹೋಗಿ ಬರುತ್ತಿದ್ದ.

"ಎಷ್ಟಾತು?" ಎಂದು ಮಾರೆಣ್ಣ ಕೇಳುತ್ತಿದ್ದ.

"ಏಳು ಮಣಕ್ಕ ಬಂದೀನ್ರಿ."

ಆಮೇಲೆ ಎಂಟು, ಆಮೇಲೆ ಒಂಬತ್ತು. ಮಾರೆಣ್ಣ ಒಂದು ದಿನವೂ ಸಿರುಗುಪ್ಪಕ್ಕೆ ಬಂದು ನೋಡಲಿಲ್ಲ. ಶಿಷ್ಯ ಬಾಯಿಂದ ಹೇಳಿದ ಮೇಲೆ ಉಸ್ತಾದನಾದವನು ಹೋಗಿ ಕಬ್ಬಿಣ ಮುಟ್ಟಿ ನೋಡುವುದು ಶಿಷ್ಯನಿಗೆ ಅವಮಾನ ಎಂದು ಅವನ ಲೆಕ್ಕ. ಹತ್ತು ಮಣವನ್ನು ಹನ್ನೆರಡು ಸಲ ಎತ್ತಿದೆ ಎಂದು ಎರ್ರಿಸ್ವಾಮಿ ಹೇಳಿದ ದಿನ ಮುದುಕ ಎದ್ದು ಒಳಗೆ ಹೋಗಿ, ಹೆಂಡತಿ ಮೂಕಮ್ಮನನ್ನು ಕರೆದು, ಅವನಿಗೆ ಬೆಲ್ಲ ಕೊಡಿಸಿದ.

ಆ ಹಿಗ್ಗಿನಲ್ಲೇ ಮಾರೆಣ್ಣ ಬಳ್ಳಾರಿಯಲ್ಲಿ ಮಾತು ಕೊಟ್ಟು ಬಂದ. ಅಲ್ಲಿ ಕೋಟೆಯ ಕೆಳಗೆ ಒಂದು ವ್ಯಾಯಾಮ ಶಾಲೆ. ಅದನ್ನು ನಡೆಸುತ್ತಿದ್ದವರು ವಿಠ್ಠಲರಾಯರು ಎಂಬ ಡ್ರಿಲ್ ಮೇಷ್ಟ್ರು. ಬೆನ್ನ ಹಿಂದೆ ಹಿಡಿದು ಹತ್ತು ಮಣ ಎತ್ತುವ ಹಮಾಲನಿದ್ದಾನೆ ಎಂದರೆ ಅವರು ನಕ್ಕುಬಿಟ್ಟರು. ಹಳ್ಳಿಯ ಕಬ್ಬಿಣಕ್ಕೆ ಹಳ್ಳಿಯ ಲೆಕ್ಕ ಎಂದರು. ಮಾರೆಣ್ಣನಿಗೆ ಮೈ ಉರಿಯಿತು.

"ನಿಮ್ಮ ಕಬ್ಬಿಣನ ಇರಲಿ, ನಿಮ್ಮ ಲೆಕ್ಕನ ಇರಲಿ. ನನ್ನ ಹುಡುಗ ಹನ್ನೆರಡು ಸಲ ಎತ್ತತಾನ. ಎತ್ತಲಿಲ್ಲ ಅಂದ್ರ ಈ ರುಮಾಲು ಮತ್ತ ತಲಿಗೆ ಸುತ್ತೂದಿಲ್ಲ" ಎಂದುಬಿಟ್ಟ.

ಆ ಭಾನುವಾರ ಎರ್ರಿಸ್ವಾಮಿಯೂ ಕೊಟ್ಟೂರಪ್ಪನೂ ಮೊದಲ ಬಸ್ಸಿಗೆ ಹೊರಟರು. ಕೊಟ್ಟೂರಪ್ಪ ಕಿಟಕಿಯ ಪಕ್ಕ ಕೂತು ಶೇಂಗಾ ಸುಲಿದು ಗೆಳೆಯನ ಕೈಗೆ ಹಾಕುತ್ತ ಬಂದ.

"ಉಸ್ತಾದ್ರು ತಲಿ ಮ್ಯಾಲಿಂದು ಇಟ್ಟಾರಲೇ ಕೊಟ್ರ. ಏನರ ಹೆಚ್ಚುಕಡಿಮಿ ಆದ್ರ?"

ಕೊಟ್ಟೂರಪ್ಪ ಕಿಟಕಿಯ ಆಚೆ ನೋಡಿದ. "ಏನೂ ಆಗೂದಿಲ್ಲ. ಹತ್ತು ಮಣ ನಿನಗ ಹೂವಿನ ಸರ ಇದ್ದಂಗ" ಅಂದ, ಇನ್ನೊಂದು ಹಿಡಿ ಶೇಂಗಾ ಕೊಟ್ಟ.

ವ್ಯಾಯಾಮ ಶಾಲೆಯಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಅಲ್ಲಿಯ ಕಬ್ಬಿಣದ ಬಿಲ್ಲೆಗಳು ಪೌಂಡಿನ ಲೆಕ್ಕದವು. ಮಣಕ್ಕೆ ಇಪ್ಪತ್ತೈದು ಪೌಂಡು, ಹತ್ತು ಮಣಕ್ಕೆ ಇನ್ನೂರ ಐವತ್ತು. ವಿಠ್ಠಲರಾಯರು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಕೂಡಿಸಿ ತೋರಿಸಿದರು, ಮಾರೆಣ್ಣ ಒಪ್ಪಿದ, ರುಮಾಲು ಬಿಚ್ಚಿ ಬೆಂಚಿನ ಮೇಲಿಟ್ಟ. ಎರ್ರಿಸ್ವಾಮಿ ಸಲಾಕೆಗೆ ಬೆನ್ನು ಹಾಕಿ ನಿಂತು, ಮಂಡಿ ಬಗ್ಗಿಸಿ, ಹಿಂದಕ್ಕೆ ಕೈ ಚಾಚಿ ಹಿಡಿದು ಎದ್ದ. ಎದ್ದ ಕ್ಷಣದಲ್ಲೇ ಅವನಿಗೆ ಏನೋ ತಪ್ಪಿದೆ ಅನ್ನಿಸಿತು. ಬೆರಳುಗಳು ಬಿಚ್ಚಿಕೊಳ್ಳಲು ನೋಡುತ್ತಿದ್ದವು. ಇದು ಅವನು ದಿನಾ ಹಿಡಿಯುತ್ತಿದ್ದ ಭಾರವಾಗಿರಲಿಲ್ಲ.

"ಒಂದು" ಎಂದರು ವಿಠ್ಠಲರಾಯರು.

ಲಾಭ ಎನ್ನಲಿಲ್ಲ ಎಂಬುದೇ ಅವನಿಗೆ ಅಪಶಕುನದ ಹಾಗೆ ಕೇಳಿಸಿತು. ಎರಡು ಎತ್ತಿದ, ಮೂರು ಎತ್ತಿದ. ನಾಲ್ಕನೆಯದರಲ್ಲಿ ಹೆಗಲು ಕಿವಿಯ ಹತ್ತಿರ ಬರಲಿಲ್ಲ. ಐದನೆಯದರಲ್ಲಿ ಎಡ ಹೆಗಲು ಎದ್ದು ಬಲ ಹೆಗಲು ಅಲ್ಲೇ ಉಳಿಯಿತು. ಆರಕ್ಕೆ ಎಷ್ಟು ಎಳೆದರೂ ಬೆನ್ನಿನಲ್ಲಿ ನಡುಕ ಬಂತೇ ಹೊರತು ಭಾರ ಒಂದು ಬೆರಳೂ ಏಳಲಿಲ್ಲ. ಕೈ ಬಿಟ್ಟುಹೋಗಿ ಸಲಾಕೆ ನೆಲಕ್ಕೆ ಬಿತ್ತು. ಜನ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿರುತ್ತಿತ್ತು.

ಮಾರೆಣ್ಣ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಖರೇ ಹೇಳು. ಊರಾಗ ಹತ್ತು ಮಣ ಎತ್ತಿದ್ದೇನು?"

"ಎತ್ತೀನ್ರಿ ಉಸ್ತಾದ್ರ. ಬೇಕಾದ್ರ ಕೊಟ್ರನ್ನ ಕೇಳ್ರಿ."

ಮಾರೆಣ್ಣ ಕೊಟ್ಟೂರಪ್ಪನ ಕಡೆ ತಿರುಗಿದ. ಕೊಟ್ಟೂರಪ್ಪ ನೆಲ ನೋಡುತ್ತ "ಎತ್ಯಾನ್ರಿ" ಎಂದ. ಹೇಳಿದ ರೀತಿ ಹೇಗಿತ್ತೆಂದರೆ, ಗೆಳೆಯನ ಮಾನ ಉಳಿಸಲು ಯಾರೋ ಸುಳ್ಳು ಹೇಳಿದ ಹಾಗಿತ್ತು. ಮುದುಕ ಮತ್ತೇನೂ ಕೇಳಲಿಲ್ಲ. ರುಮಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ನರೆತ ತಲೆಯಲ್ಲೇ ಬಿಸಿಲಿಗೆ ಇಳಿದು ಬಸ್ ನಿಲ್ದಾಣದ ಕಡೆ ನಡೆದ. ಎರ್ರಿಸ್ವಾಮಿ ಹಿಂದೆ ಓಡಿದ. ಮಾರೆಣ್ಣ ತಿರುಗಲಿಲ್ಲ.

ಆಮೇಲೆ ಎರಡು ಸಲ ಅವನು ಕುರುಗೋಡಿಗೆ ಹೋದ. ಎರಡು ಸಲವೂ ಉಸ್ತಾದ್ ಮನೆಯಲ್ಲಿದ್ದೂ ಹೊರಗೆ ಬರಲಿಲ್ಲ. ಮೂರನೆಯ ಸಲ ಹೋಗುವ ಧೈರ್ಯ ಬರಲಿಲ್ಲ. ೧೯೬೭ರಲ್ಲಿ ಮಾರೆಣ್ಣ ತೀರಿಕೊಂಡ ಸುದ್ದಿ ಅವನಿಗೆ ಮುಟ್ಟಿದ್ದು ಮೂರು ದಿನ ಕಳೆದ ಮೇಲೆ, ಭತ್ತ ಹೇರಿಕೊಂಡು ಬಂದ ಗಾಡಿಯವನ ಬಾಯಿಂದ. ಎರ್ರಿಸ್ವಾಮಿ ಮೂಟೆ ಇಳಿಸಿ, ಮೂಟೆಯ ಮರೆಯಲ್ಲಿ ಕೂತು ಅತ್ತ.

ಹೆಡಮುರಿ ಅವನು ಮತ್ತೆ ಮಾಡಲಿಲ್ಲ. ತನ್ನ ಮೈಯೇ ತನಗೆ ಕೈಕೊಟ್ಟಿತು ಎಂದು ನಂಬಿದ. ರಾತ್ರಿ ಹಗಲು ಅದೇ ಚಿಂತೆ: ಹಿಂದಿನ ದಿನ ಉಂಡದ್ದರಲ್ಲಿ ಏನಾದರೂ ಇತ್ತೇ, ದೃಷ್ಟಿ ತಾಗಿತೇ, ಒಳಗೊಳಗೇ ತನಗೆ ಸೊಕ್ಕು ಬಂದಿತ್ತೇ. ಈ ಎಲ್ಲ ಹೊತ್ತಿನಲ್ಲೂ ಬೆನ್ನಿಗೆ ನಿಂತವನು ಕೊಟ್ಟೂರಪ್ಪ. "ಹೋಗ್ಲಿ ಬಿಡಲೇ, ಮೈ ಅಂದಮ್ಯಾಲ ಒಂದು ದಿನ ಇದ್ದಂಗ ಒಂದು ದಿನ ಇರೂದಿಲ್ಲ" ಎಂದು ಚಹಾ ಕುಡಿಸುತ್ತಿದ್ದ. ಗೆಳೆಯನೆಂದರೆ ಇವನಪ್ಪ ಎಂದು ಗಾದೆಮ್ಮ ನೆರೆಮನೆಯವರಿಗೆ ಹೇಳುತ್ತಿದ್ದಳು. ಹೀಗೆ ಹನ್ನೊಂದು ವರ್ಷ.

೧೯೭೫ರ ಬೇಸಿಗೆಯಲ್ಲಿ ಗಿರಣಿಯವರು ಭತ್ತ ಒಣಗಿಸಲು ಹೊಸ ಸಿಮೆಂಟಿನ ಕಣ ಹಾಕಿಸಲು ಹೊರಟರು. ಪಾಳುಬಿದ್ದಿದ್ದ ಗರಡಿಯ ಗುಡಿಸಲು ಅದಕ್ಕೆ ಅಡ್ಡ. ಅದನ್ನು ಕಿತ್ತು ಕಬ್ಬಿಣವನ್ನೆಲ್ಲ ಗುಜರಿ ಗಾಡಿಗೆ ಹಾಕುವ ಕೆಲಸ ಎರ್ರಿಸ್ವಾಮಿಗೇ ಬಂತು. ತುಕ್ಕು ಹಿಡಿದ ಗುಂಡೊಂದನ್ನು ಅವನು ಎತ್ತಿದ. ಉಂಗುರ ಸವೆದಿತ್ತೋ ಏನೋ, ಕಳಚಿಕೊಂಡು ಗುಂಡು ಕಲ್ಲಿನ ಅಂಚಿಗೆ ಬಿತ್ತು. ಅಡಿಯ ಸೀಸದ ಬಿಲ್ಲೆ ಡಬ್ಬಿಯ ಮುಚ್ಚಳದ ಹಾಗೆ ಹಾರಿಹೋಯಿತು. ಒಳಗಿನಿಂದ ಅರಗು ಮೆತ್ತಿದ ಇಟ್ಟಿಗೆಯ ಪುಡಿ ಸುರಿಯಿತು. ಅಷ್ಟು ಗಟ್ಟಿಯಾಗಿ ಕಾಣುವ ಗುಂಡಿನ ಹೊಟ್ಟೆ ಪೊಳ್ಳು.

ಅವನು ಸುತ್ತಿಗೆ ತಂದು ಇನ್ನೊಂದರ ಬಿಲ್ಲೆ ಕಿತ್ತ. ಅದರಲ್ಲೂ ಇಟ್ಟಿಗೆಯ ಪುಡಿ. ಮತ್ತೊಂದು, ಮಗದೊಂದು. ಕೊನೆಯದನ್ನು ಒಡೆಯದೆ ಹೆಗಲ ಮೇಲಿಟ್ಟುಕೊಂಡು ಬಜಾರಿನ ಕಿರಾಣಿ ಅಂಗಡಿಗೆ ಹೋಗಿ ಕಿಲೋ ತಕ್ಕಡಿಗೆ ಹಾಕಿಸಿದ. ಮಣವೆಂದರೆ ಎಂಟು ವೀಸೆ, ಹನ್ನೊಂದು ಕಿಲೋ ಮುನ್ನೂರು ಗ್ರಾಮಿನ ಮೇಲೆ ಬರಬೇಕು. ಹತ್ತು ಕಿಲೋಗೂ ಕಡಿಮೆ ಬಂತು. ಗುಂಡಿಗೆ ಒಂದು ವೀಸೆ ಮಾಯ, ಹತ್ತಕ್ಕೆ ಹತ್ತು ವೀಸೆ. ಬಳ್ಳಾರಿಯಲ್ಲಿ ಅವನ ಬೆರಳು ಬಿಚ್ಚಿಸಿದ್ದು ಆ ಹತ್ತು ವೀಸೆ. ಅವನಿಗೆ ಮೊದಲು ಆದದ್ದು ಸಿಟ್ಟಲ್ಲ, ಒಂಥರದ ಹಗುರ. ತಾನು ಹತ್ತು ಮಣ ಎತ್ತಿರಲಿಲ್ಲ ನಿಜ, ಆದರೆ ಸುಳ್ಳನ್ನೂ ಹೇಳಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತು ಅದನ್ನೇ ನಾಲ್ಕಾರು ಸಲ ಹೇಳಿಕೊಂಡ. ಆಮೇಲೆ, ಈ ಗುಂಡುಗಳನ್ನು ದಿನಾ ಕೈಯಾರೆ ಎತ್ತಿ ಇಡುತ್ತಿದ್ದವನು ಯಾರು ಅನ್ನುವುದು ನೆನಪಿಗೆ ಬಂತು.

ಮಧ್ಯಾಹ್ನ ಕೊಟ್ಟೂರಪ್ಪ ತಕ್ಕಡಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದ. ಎರ್ರಿಸ್ವಾಮಿ ಒಡೆದ ಗುಂಡನ್ನು ಅವನ ಮುಂದಿಟ್ಟ.

"ಇದು ನಿನಗ ಗೊತ್ತಿತ್ತೇನು?"

ಕೊಟ್ಟೂರಪ್ಪ ಗುಂಡು ನೋಡಿದ, ಬುತ್ತಿ ಮುಚ್ಚಿದ. ನಾಟಕ ಮಾಡಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು. "ಕೊಡೋ ಗುಂಡು ಅವು" ಎಂದ. "ರೈತರ ಭತ್ತ ತಗೊಳಾಕ ಬ್ಯಾರೆ ಗುಂಡು ಇದ್ವು. ಇವು ಹಮಾಲರಿಗೆ ಕೂಲಿ ಭತ್ತ ತೂಗಿ ಕೊಡಾಕ. ಸಾವುಕಾರ್ರು ಮಾಡಿಸಿದ್ದು. ನಾ ತೂಗೋವ ಅಷ್ಟ."

"ನಾ ಅದನ್ನ ಕೇಳ್ಲಿಲ್ಲ. ಬಳ್ಳಾರಿಗೆ ಹೋಗೋ ದಿನ ಗೊತ್ತಿತ್ತೇನು?"

"ಗೊತ್ತಿತ್ತು." ಕೊಟ್ಟೂರಪ್ಪ ಅವನ ತೋಳು ಹಿಡಿದುಕೊಂಡ. "ಲೇ ಎರ್ರಿ, ನಿನ್ನ ಗರಡಿಗಂತ ಹಗುರ ಮಾಡಿದ್ದಲ್ಲಲೇ ಅವು. ನಿನ್ನ ಕೂಲಿಗಂತ ಮಾಡಿದ್ದು."

ಇದನ್ನು ಅವನು ಸಮಾಧಾನದ ಮಾತು ಎಂದುಕೊಂಡು ಹೇಳಿದ. ಎರ್ರಿಸ್ವಾಮಿ ತೋಳು ಬಿಡಿಸಿಕೊಂಡ. ಕೊಟ್ಟೂರಪ್ಪ ಮುಂದುವರಿಸಿದ: "ಬಾಯಿ ಬಿಟ್ಟಿದ್ರ ನೌಕರಿ ಹೋಗ್ತಿತ್ತು. ನಾಕು ಹೆಣ್ಣುಮಕ್ಕಳು ನನಗ. ನೀ ಹೆಂಗರ ಮಾಡಿ ಎತ್ತಿಬಿಡ್ತಿ ಅಂದ್ಕೊಂಡಿದ್ದೆ. ಆಮ್ಯಾಲ ಹೇಳಾಕ ಮಾರಿ ಇರ್ಲಿಲ್ಲ."

ಎರ್ರಿಸ್ವಾಮಿ ಅವನ ಮುಖ ನೋಡಿದ. ಇಪ್ಪತ್ತು ವರ್ಷದ ಮುಖ. ಸಿಟ್ಟು ಬಂದಿತ್ತು, ಆದರೂ ನಾಲ್ಕು ಹೆಣ್ಣುಮಕ್ಕಳ ಅಪ್ಪನ ಹೆದರಿಕೆ ಎಂಥದ್ದೆಂದು ಅವನಿಗೆ ಗೊತ್ತಿತ್ತು. ತಾನೂ ಸಾವುಕಾರರ ಮುಂದೆ ಒಂದು ದಿನವೂ ಬಾಯಿ ತೆರೆದವನಲ್ಲ. ಹೋದ ಭತ್ತ ಹೋಯಿತು, ಹೆದರಿ ಸುಮ್ಮನಿದ್ದವನನ್ನು ಕೊಲ್ಲುವುದಕ್ಕಾಗುತ್ತದೆಯೇ ಎಂದುಕೊಂಡ. ಆಗ ಅವನಿಗೆ ಬೇಕಾದದ್ದು ಒಂದೇ, ಮಾರೆಣ್ಣನ ಮನೆಯಲ್ಲಿ ಈ ಗುಂಡು ತೋರಿಸಿ, ನಿಮ್ಮ ಹುಡುಗ ಸುಳ್ಳುಗಾರನಲ್ಲ ಎಂದು ಹೇಳಿ ಬರುವುದು. ಉಸ್ತಾದ್ ಇಲ್ಲದಿದ್ದರೂ ಅವನ ಹೆಂಡತಿ ಮೂಕಮ್ಮ ಇದ್ದಾಳೆ.

ಮರುದಿನ ಗುಂಡನ್ನು ಚೀಲದಲ್ಲಿ ಹಾಕಿಕೊಂಡು ಕುರುಗೋಡಿಗೆ ಹೋದ. ಮೂಕಮ್ಮ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಳು. ಅವನ ಹೆಗಲಿನ ಆಕಾರದಿಂದಲೇ ಗುರುತು ಹಿಡಿದಳು.

"ನೀ ಎರ್ರಿಸ್ವಾಮಿ ಅಲ್ಲೇನಪ್ಪ? ಬಾ, ಕುಂದ್ರು."

ಅವನು ಕೂರಲಿಲ್ಲ. ಗುಂಡನ್ನು ತೆಗೆದು ಅಡಿ ಮೇಲೆ ಮಾಡಿ ತೋರಿಸಿ, ತೊದಲುತ್ತ ಎಲ್ಲವನ್ನೂ ಹೇಳಿದ. ಮೂಕಮ್ಮ ಆ ಪೊಳ್ಳಿನೊಳಗೆ ಬೆರಳು ಹಾಕಿ ನೋಡಿದಳು.

"ಅವರಿಗೆ ಅನುಮಾನ ಬಂದಿತ್ತಪ್ಪ. ಬಳ್ಳಾರಿಯಿಂದ ಬಂದ ವಾರ ನಿದ್ದಿ ಮಾಡ್ಲಿಲ್ಲ. ಆ ಹುಡುಗನ ಮೈ ನಾ ಕೈಯಾರ ಮುಟ್ಟಿ ನೋಡೀನಿ, ಅದು ಸುಳ್ಳು ಹೇಳೂದಿಲ್ಲ, ಗುಂಡಿನಾಗ ಏನರ ಇರಬೇಕು ಅಂತಿದ್ರು. ಸಂತಿಗೆ ನಿನ್ನ ಗೆಳ್ಯಾ ಬಂದಿದ್ದ, ಆ ತಕ್ಕಡಿ ಗುಮಾಸ್ತ. ಮನಿಗೆ ಕರಕೊಂಡು ಬಂದು ಕೇಳಿದ್ರು. ಆ ಹತ್ತೂ ಗುಂಡು ಒಂದ್ಸಲ ತೂಗಿ ನೋಡಿ ಬಂದು ಹೇಳಪ್ಪ, ತೂಕದಾಗ ಫರಕ್ ಐತಿ ಅಂದ್ರ ನಾನ ಸಿರುಗುಪ್ಪಕ್ಕ ಬಂದು ಹುಡುಗನ ಕೈ ಹಿಡೀತೀನಿ ಅಂದ್ರು."

"ಅವನು?"

"ಹದಿನೈದು ದಿನ ಬಿಟ್ಟು ಬಂದ. ನಾನ ಮಜ್ಜಿಗಿ ಕೊಟ್ಟೆ. ತೂಗೀನ್ರಿ, ಹತ್ತೂ ಸರಿ ಅದಾವ್ರಿ ಅಂದ. ಇವರು ಮತ್ತೊಮ್ಮೆ ಕೇಳಿದ್ರು. ಬಸವಣ್ಣನ ಗುಡಿ ಕಡೆ ಕೈ ಮಾಡಿ ಹೇಳಿದ." ಮೂಕಮ್ಮ ಮೊರವನ್ನು ಪಕ್ಕಕ್ಕಿಟ್ಟಳು. "ಆಮ್ಯಾಲ ಇವರು ನಿನ್ನ ಹೆಸರು ಎತ್ತಲಿಲ್ಲಪ್ಪ. ಸಾಯೋತನಕ ಎತ್ತಲಿಲ್ಲ."

ಸಂಜೆಯ ಬಸ್ಸಿಗೆ ಎರ್ರಿಸ್ವಾಮಿ ವಾಪಸು ಬಂದ. ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಕೊಟ್ಟೂರಪ್ಪ, ಅವನು ಹೋದದ್ದೆಲ್ಲಿಗೆಂದು ಗಾದೆಮ್ಮನಿಂದ ತಿಳಿದು, ಕಾಯುತ್ತ ನಿಂತಿದ್ದ. ಅಂಗಡಿಯವನಿಗೆ ಎರಡು ಚಹಾಕ್ಕೆ ಹೇಳಿ, ಹತ್ತಿರ ಬಂದು ಕೇಳಿದ: "ಮೂಕಮ್ಮ ಏನಂದ್ಲು?"

"ನೀ ತೂಗಿದ್ದಿ ಅಂದ್ಲು."

ಕೊಟ್ಟೂರಪ್ಪ ಅವನ ಚೀಲ ಹಿಡಿದುಕೊಂಡ. ಏನೋ ಹೇಳಲು ಬಾಯಿ ತೆರೆದ. ಎರ್ರಿಸ್ವಾಮಿ ನಿಲ್ಲಲಿಲ್ಲ. ಹೆದರಿ ಸುಮ್ಮನಿದ್ದವನನ್ನು ಅವನು ಹಿಂದಿನ ದಿನವೇ ಕ್ಷಮಿಸಿದ್ದ. ಕೇಳಿದಾಗಲೂ ಬಾಯಿಬಿಟ್ಟು ಸುಳ್ಳು ಹೇಳಿ ಬಂದವನನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಅವತ್ತಿನಿಂದ ಅವನೊಂದಿಗೆ ಮಾತು ಬಿಟ್ಟ.

ಜಗಳವಿಲ್ಲ, ಬೈಗುಳವಿಲ್ಲ. ಗಿರಣಿ ಬಿಟ್ಟು ಹೋಗಲು ಹಮಾಲನಿಗೆ ಬೇರೆ ಗಿರಣಿ ಏನು ಸ್ವರ್ಗವೇ. ಎಂಟು ವರ್ಷ ಇಬ್ಬರೂ ಅದೇ ಕಣದಲ್ಲಿ ದುಡಿದರು. ಎರ್ರಿಸ್ವಾಮಿ ತಕ್ಕಡಿಗೆ ಮೂಟೆ ಹಾಕುತ್ತಿದ್ದ, ಕೊಟ್ಟೂರಪ್ಪ ತೂಗುತ್ತಿದ್ದ, ಎರ್ರಿಸ್ವಾಮಿ ಮೂಟೆ ಎತ್ತಿಕೊಂಡು ಹೋಗುತ್ತಿದ್ದ. ಕೊಟ್ಟೂರಪ್ಪ ಎಷ್ಟೋ ಸಲ ಹೆಸರು ಹಿಡಿದು ಕರೆದ, ಒಮ್ಮೆ ಎಲ್ಲರ ಎದುರಿಗೇ ಕಣ್ಣೀರು ಹಾಕಿದ. ಹಮಾಲರು ಎರ್ರಿಸ್ವಾಮಿಯದೇ ಅತಿಯಾಯಿತು ಎಂದರು. ಗಾದೆಮ್ಮನಿಗೂ ಹಾಗೇ ಅನ್ನಿಸಿತ್ತು.

೧೯೮೩ರಲ್ಲಿ ಕಾಮಾಲೆಯಾಗಿ ಕೊಟ್ಟೂರಪ್ಪ ಸತ್ತ. ಹೆಣವನ್ನು ಬಿದಿರು ಕಟ್ಟಿದ ವಿಮಾನದಲ್ಲಿ ಕೂರಿಸಿ ಹೂವು ಮುಡಿಸಿದರು. ನಾಲ್ಕು ಮೂಲೆಗೆ ನಾಲ್ಕು ಗಟ್ಟಿ ಹೆಗಲು ಬೇಕು. ಗಂಡುಮಕ್ಕಳಿಲ್ಲದ ಮನೆ. ದೊಡ್ಡ ಮಗಳು ತಾನೇ ಬಂದು ಎರ್ರಿಸ್ವಾಮಿಯ ಬಾಗಿಲಲ್ಲಿ ನಿಂತಳು.

"ಕಾಕಾ, ನೀವು ಹೆಗಲು ಕೊಡಬೇಕಂತ ಅಪ್ಪ ಹೇಳಿ ಸತ್ತಾನ."

ಎರ್ರಿಸ್ವಾಮಿ ಅವಳ ತಲೆ ಸವರಿದ. "ನೀ ನಡಿಯವ್ವಾ" ಎಂದಷ್ಟೇ ಹೇಳಿ ಕಳಿಸಿದ. ಗಾದೆಮ್ಮ ಸೆರಗು ಹೊದ್ದು ಬಾಗಿಲ ಹತ್ತಿರ ಕಾದಳು. ಅವನು ಎದ್ದು ಅಂಗಿಗೆ ಕೈ ಹಾಕುತ್ತಾನೇನೋ ಎಂದು ನೋಡಿದಳು. ಅವನು ಏಳಲಿಲ್ಲ.

"ಸತ್ತವನ ಮ್ಯಾಲ ಎಂಥ ಸಿಟ್ಟು? ನಾಕು ಹೆಜ್ಜಿ ಹೊತ್ತು ಬಂದ್ರ ಏನಾಕ್ಕೈತಿ?" ಎಂದು ಕೇಳಿದಳು.

"ಅವನ್ನ ಹನ್ನೊಂದು ವರ್ಷ ಹೊತ್ತೀನಿ" ಎಂದ ಎರ್ರಿಸ್ವಾಮಿ. "ನನ್ನ ಮೈದು ತಪ್ಪು ಅಂದ್ಕೊಂಡು ಹೊತ್ತೀನಿ. ಇನ್ನ ಯಾರರ ಹೊರಲಿ."

ಗಾದೆಮ್ಮ ಒಬ್ಬಳೇ ಹೋದಳು.